ಈ ಕಮಾಂಡ್ ಯಾವ ಮಷಿನ್ನಾಗ ಹೊಡೀಬೇಕ್ರಿ?

“ಸರ್, ಈ ಕಮಾಂಡ್ ಯಾವ ಮಷಿನ್ನಾಗ ಹೊಡೀಬೇಕ್ರಿ?”

ಗದಗದ ಕಡೆಯಿಂದ ಬಂದು ನಮ್ಮ ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿ ಇದನ್ನು ಕೇಳಿದ್ದು ಒಂದು ಗುರುವಾರ ಸಂಜೆ. ಅಷ್ಟು ಹೊತ್ತಿಗೆ ಅವಳ ಎರಡು ದಿನ ಹಾಳಾಗಿತ್ತು. ಮಂಗಳವಾರವೇ ಕೇಳಿದ್ದರೆ ಐದು ನಿಮಿಷದ ಕೆಲಸ. ಯಾಕೆ ಕೇಳಲಿಲ್ಲ ಅಂದರೆ, “ನೋಟ್ಸ್‌ನಲ್ಲಿ ಎಲ್ಲ ಇದೆ, ನೋಡಿಕೊಂಡು ಮಾಡಿ” ಅಂತ ಹೇಳಿ ಎದ್ದು ಹೋದವನು ನಾನು. ಆ ನೋಟ್ಸ್ ಬರೆದವನೂ ನಾನೇ.

ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಓಪನ್‌ಸ್ಟ್ಯಾಕ್ ಅಂತ ಒಂದು ಸಾಫ್ಟ್‌ವೇರ್ ಇದೆ. ಬೇರೆಯವರ ಕ್ಲೌಡ್ ಬಾಡಿಗೆಗೆ ತೆಗೆದುಕೊಳ್ಳುವ ಬದಲು, ನಿಮ್ಮದೇ ಸರ್ವರುಗಳ ಮೇಲೆ ನಿಮ್ಮದೇ ಕ್ಲೌಡ್ ಕಟ್ಟಿಕೊಳ್ಳಲು ಅದು ಬೇಕು. 2010ರಲ್ಲಿ ನಾಸಾ ಮತ್ತು ಹೋಸ್ಟಿಂಗ್ ಕಂಪನಿ ರ‍್ಯಾಕ್‌ಸ್ಪೇಸ್ ಸೇರಿ ಶುರು ಮಾಡಿದ್ದು. ನಾಸಾದಿಂದ ನೋವಾ ಬಂತು, ರ‍್ಯಾಕ್‌ಸ್ಪೇಸ್‌ನಿಂದ ಫೈಲುಗಳನ್ನು ಕೂಡಿಡುವ ಸ್ವಿಫ್ಟ್ ಬಂತು. ಈಗ ಅದೊಂದು ದೊಡ್ಡ ಕೂಡು ಕುಟುಂಬ. ಯಾರು ಒಳಗೆ ಬರಬಹುದು ಅಂತ ನೋಡುವುದು ಕೀಸ್ಟೋನ್. ಇಮೇಜುಗಳ, ಅಂದರೆ ಆಪರೇಟಿಂಗ್ ಸಿಸ್ಟಮ್ ತುಂಬಿಟ್ಟ ಅಚ್ಚುಗಳ, ಉಗ್ರಾಣ ಗ್ಲಾನ್ಸ್. ವಿಎಂ (ವರ್ಚುವಲ್ ಮಷಿನ್), ಅಂದರೆ ಸರ್ವರಿನೊಳಗೆ ಓಡುವ ಸಾಫ್ಟ್‌ವೇರ್ ಕಂಪ್ಯೂಟರ್, ಎಬ್ಬಿಸುವುದು ನೋವಾ. ನೆಟ್‌ವರ್ಕ್ ಜೋಡಿಸುವುದು ನ್ಯೂಟ್ರಾನ್. ಡಿಸ್ಕ್ ಕೊಡುವುದು ಸಿಂಡರ್. ಇವರೆಲ್ಲರನ್ನೂ ಒಬ್ಬೊಬ್ಬರಾಗಿ ಕೂರಿಸಿ, ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರ ಕಾನ್ಫಿಗ್ ಫೈಲಿನಲ್ಲಿ ಬರೆದು, ಮಾತಾಡಿಸಬೇಕು. ಕೈಯಿಂದಲೇ ಮಾಡುತ್ತೇನೆ ಅಂದರೆ ಒಂದು ದಿನ ಪೂರ್ತಿ ಹಿಡಿಯುತ್ತದೆ. ಡಾಕ್ಯುಮೆಂಟೇಶನ್ ಇಲ್ಲದೆ ಯಾರಿಂದಲೂ ಆಗುವ ಕೆಲಸವಲ್ಲ, ಬರೆದವರಿಂದಲೂ.

ಅವಳಿಗೆ ನಾನು ಕೊಟ್ಟಿದ್ದ ಕೆಲಸ ಚಿಕ್ಕದು. ಇದ್ದ ಕ್ಲೌಡಿಗೆ ಹೊಸದೊಂದು ಕಂಪ್ಯೂಟ್ ನೋಡ್ ಸೇರಿಸುವುದು. ಅಂದರೆ ವಿಎಂಗಳು ಓಡುವ ಇನ್ನೊಂದು ಸರ್ವರ್. ಅವಳು ನೋಟ್ಸ್ ಪ್ರಕಾರ ಎಲ್ಲ ಮಾಡಿದಳು. ಸರ್ವಿಸ್‌ಗಳ ಪಟ್ಟಿಯಲ್ಲಿ ಹೊಸ ನೋಡ್ ‘ಅಪ್’ ಅಂತ ಕಾಣಿಸಿತು. ಖುಷಿಯಾಗಿ ಒಂದು ವಿಎಂ ಅಲ್ಲಿಗೇ ಕಳಿಸಿ ನೋಡಿದಳು. ‘ನೋ ವ್ಯಾಲಿಡ್ ಹೋಸ್ಟ್ ವಾಸ್ ಫೌಂಡ್’ ಅಂತ ಎರರ್. ಓಪನ್‌ಸ್ಟ್ಯಾಕ್ ಜೊತೆ ಕೆಲಸ ಮಾಡಿದ ಯಾರಿಗಾದರೂ ಈ ಸಾಲು ಕೇಳಿದರೆ ಹೊಟ್ಟೆ ತೊಳೆಸುತ್ತದೆ. ಜಾಗ ಇಲ್ಲದಿದ್ದರೂ ಇದೇ ಎರರ್, ಮೆಮರಿ ಸಾಲದಿದ್ದರೂ ಇದೇ, ಏನೋ ಒಂದು ಸೆಟ್ಟಿಂಗ್ ತಪ್ಪಿದ್ದರೂ ಇದೇ. ಮನೆಯಲ್ಲಿ ಏನೇ ಆದರೂ “ಹುಷಾರಿಲ್ಲ” ಅಂತಷ್ಟೇ ಹೇಳುವ ಮಗುವಿನ ಹಾಗೆ.

ನಿಜವಾದ ಕಾರಣ ಇಷ್ಟೇ. 2017ರ ಫೆಬ್ರವರಿಯಲ್ಲಿ ಬಂದ ಒಕಾಟಾ ಬಿಡುಗಡೆಯಿಂದ ನೋವಾದಲ್ಲಿ ಸರ್ವರುಗಳನ್ನು ಗುಂಪು ಮಾಡಿ ಲೆಕ್ಕ ಇಡುವ ‘ಸೆಲ್ಸ್ ವಿ2’ ವ್ಯವಸ್ಥೆ ಕಡ್ಡಾಯವಾಯಿತು. ಅದಕ್ಕೆ ಮುಂಚೆ ಹೊಸ ಕಂಪ್ಯೂಟ್ ನೋಡ್ ತಾನಾಗಿ ಬಂದು ಸೇರಿಕೊಳ್ಳುತ್ತಿತ್ತು. ಆಮೇಲೆ ಹಾಗಲ್ಲ. ಹೊಸ ನೋಡ್ ಬಂದಿದೆ, ಇದನ್ನೂ ಲೆಕ್ಕಕ್ಕೆ ತಗೋ ಅಂತ ‘ಡಿಸ್ಕವರ್ ಹೋಸ್ಟ್ಸ್’ ಕಮಾಂಡ್ ಹೊಡೆದು ಹೇಳಬೇಕು. ಇಲ್ಲವೇ ಕಾನ್ಫಿಗ್ ಫೈಲಿನಲ್ಲಿ 300 ಸೆಕೆಂಡಿಗೊಮ್ಮೆ ನೀನೇ ಹುಡುಕಿಕೋ ಅಂತ ಬರೆದಿಡಬೇಕು. ಹೇಳುವ ತನಕ ಆ ನೋಡ್ ಮದುವೆ ಮನೆಯಲ್ಲಿ ಕರೆಯದೆ ಬಂದ ನೆಂಟನ ಥರ. ಎದುರಿಗೇ ನಿಂತಿರುತ್ತಾನೆ, ಎಲೆ ಮಾತ್ರ ಹಾಕಿರುವುದಿಲ್ಲ.

ಈಗ ನನ್ನ ತಪ್ಪಿಗೆ ಬರೋಣ. ನನ್ನ ನೋಟ್ಸ್ ಹುಟ್ಟಿದ್ದು 2016ರ ಮಿಟಾಕಾ ಬಿಡುಗಡೆಯ ಕಾಲದಲ್ಲಿ. ಮುಂದೆ ಹೊಸ ಬಿಡುಗಡೆಗೆ ಹೋದಾಗ ಅಲ್ಲಲ್ಲಿ ತೇಪೆ ಹಾಕಿದೆ. ಡಿಸ್ಕವರ್ ಹೋಸ್ಟ್ಸ್ ಕಮಾಂಡನ್ನೂ ಸೇರಿಸಿದೆ. ಸೇರಿಸಿದ್ದು ‘ಕಂಪ್ಯೂಟ್ ನೋಡ್’ ಅಂತ ತಲೆಬರಹ ಇದ್ದ ಭಾಗದಲ್ಲಿ. ಆದರೆ ಆ ಕಮಾಂಡ್ ಹೊಡೆಯಬೇಕಾದದ್ದು ಕಂಪ್ಯೂಟ್ ನೋಡಿನಲ್ಲಲ್ಲ, ಎಲ್ಲವನ್ನೂ ನಡೆಸುವ ಮುಖ್ಯ ಸರ್ವರ್ ಆದ ಕಂಟ್ರೋಲರ್ ನೋಡಿನಲ್ಲಿ! ಓಪನ್‌ಸ್ಟ್ಯಾಕ್‌ನ ಅಧಿಕೃತ ಗೈಡಿನಲ್ಲೂ ಇದು ಕಂಪ್ಯೂಟ್ ನೋಡಿನ ಪುಟದಲ್ಲೇ ಇದೆ. ಆದರೆ ಅವರು ಅದರ ಮೇಲೆ ‘ಮುಖ್ಯ’ ಅಂತ ಒಂದು ಡಬ್ಬಿ ಕಟ್ಟಿ, ಇದನ್ನು ಕಂಟ್ರೋಲರ್ ಮೇಲೆ ಓಡಿಸಿ ಅಂತ ಬರೆದಿದ್ದಾರೆ. ನಾನು ಕಮಾಂಡ್ ಕಾಪಿ ಮಾಡಿದೆ, ಡಬ್ಬಿ ಬಿಟ್ಟೆ. ನನಗೆ ಗೊತ್ತಿತ್ತಲ್ಲ, ಬರೆಯುವುದು ಯಾಕೆ?

ಅವಳು ಅದನ್ನು ಕಂಪ್ಯೂಟ್ ನೋಡಿನಲ್ಲೇ ಹೊಡೆದಳು. ಡೇಟಾಬೇಸ್ ಕನೆಕ್ಷನ್ ಇಲ್ಲ ಅಂತ ಎರರ್ ಬಂತು. ಆ ಕನೆಕ್ಷನ್ ಅಲ್ಲಿ ಇರಬೇಕಾಗಿಯೇ ಇರಲಿಲ್ಲ. ಪಾಪ, ಅವಳು ಇಲ್ಲದ ಡೇಟಾಬೇಸನ್ನು ರಿಪೇರಿ ಮಾಡಲು ಹೊರಟಳು. ಎರಡು ದಿನ.

ಆ ವಾರದಿಂದ ನಾನು ಡಾಕ್ಯುಮೆಂಟೇಶನ್ ರಿವ್ಯೂ ಮಾಡುವ ರೀತಿಯೇ ಬದಲಾಯಿತು. ಅದಕ್ಕೆ ಮುಂಚೆ ರಿವ್ಯೂ ಅಂದರೆ ಕಾಫಿ ಕುಡಿಯುತ್ತಾ ಓದುವುದು, ಸ್ಪೆಲಿಂಗ್ ತಿದ್ದುವುದು, “ಚೆನ್ನಾಗಿದೆ” ಅಂತ ಒತ್ತುವುದು. ಓದಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಯಾಕೆಂದರೆ ಬಿಟ್ಟುಹೋದದ್ದನ್ನು ನಮ್ಮ ತಲೆ ತಾನೇ ತುಂಬಿಕೊಳ್ಳುತ್ತದೆ. ನಮಗೇ ಗೊತ್ತಾಗದ ಹಾಗೆ ತುಂಬಿಕೊಳ್ಳುತ್ತದೆ, ಅದೇ ಕಷ್ಟ.

ನನ್ನ ಸೋದರತ್ತೆ ಮೈಸೂರು ಪಾಕ್ ಮಾಡುವುದರಲ್ಲಿ ಎತ್ತಿದ ಕೈ. ಒಮ್ಮೆ ಫೋನಿನಲ್ಲಿ ಕೇಳಿ ಬರೆದುಕೊಂಡೆ. ಕಡಲೆಹಿಟ್ಟು ಒಂದು ಲೋಟ, ಸಕ್ಕರೆ ಇಷ್ಟು, ತುಪ್ಪ ಇಷ್ಟು. ಅಷ್ಟನ್ನೇ ನೋಡಿಕೊಂಡು ಮಾಡಿದ್ದು ಮೊದಲ ಸಲ ಹಲ್ವ ಆಯಿತು, ಎರಡನೇ ಸಲ ಕಲ್ಲಾಯಿತು. ಅತ್ತೆಗೆ ಫೋನ್ ಮಾಡಿದರೆ, “ಪಾಕ ಒಂದೆಳೆ ಬಂದಿತ್ತೇನೋ? ಬೆರಳಲ್ಲಿ ಹಿಡಿದು ನೋಡಿದ್ಯಾ?” ಅಂದರು. ನೋಡಿರಲಿಲ್ಲ. ಅವರು ಹೇಳಿರಲೂ ಇಲ್ಲ. “ಅದನ್ನೂ ಹೇಳ್ಬೇಕೇನೋ, ಎಲ್ಲರಿಗೂ ಗೊತ್ತಿರೋದು ಅಲ್ವಾ?” ಆಮೇಲೆ ಬಿಡಿಸಿ ಹೇಳಿದರು. ಪಾಕದ ಒಂದು ಹನಿ ತೆಗೆದು ಎರಡು ಬೆರಳ ನಡುವೆ ಹಿಡಿದು ಬಿಡಿಸಿದರೆ ಒಂದು ಎಳೆ ನಿಲ್ಲಬೇಕು, ಆಗ ಹಿಟ್ಟು ಹಾಕು. ತುಪ್ಪ ಹಾಕುತ್ತಾ ಹೋದ ಹಾಗೆ ಹಿಟ್ಟು ಉಬ್ಬಿ ತಳ ಬಿಡಬೇಕು, ಆಗ ಇಳಿಸು. ಅಳತೆ ಮೊದಲ ಸಲವೇ ಸಿಕ್ಕಿತ್ತು. ಸಿಗದೇ ಇದ್ದದ್ದು ಹದ.

ನನ್ನ ಆಫೀಸಿನ ನೋಟ್ಸ್ ಪೂರ್ತಿ ಅಳತೆಯೇ ಆಗಿತ್ತು. ಇದನ್ನು ಹೊಡಿ, ಅದನ್ನು ಹೊಡಿ, ಆ ಫೈಲಿನಲ್ಲಿ ಇದನ್ನು ಬರಿ. ಎಲ್ಲಿ ಕಷ್ಟವೋ ಅಲ್ಲಿ ‘ನಿಮ್ಮ ಅಗತ್ಯಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ’ ಅಂತ ಒಂದು ಸಾಲು, ಅಡುಗೆ ಪುಸ್ತಕದ ‘ಉಪ್ಪು ರುಚಿಗೆ ತಕ್ಕಷ್ಟು’ ಥರ. ಸರಿಯಾಗಿ ಆಯಿತೋ ಇಲ್ಲವೋ ಅಂತ ನೋಡುವ ಜಾಗ ಒಂದೂ ಇರಲಿಲ್ಲ. ಅಧಿಕೃತ ಗೈಡಿನಲ್ಲಿ ಪ್ರತಿ ಸರ್ವಿಸ್ ಆದಮೇಲೆ ಒಂದು ಪುಟ ಇರುತ್ತದೆ, ಅಲ್ಲಿಯವರೆಗಿನ ಕೆಲಸ ನಡೆಯುತ್ತಿದೆಯಾ ಅಂತ ಪರೀಕ್ಷೆ ಮಾಡಲು. ಕೀಸ್ಟೋನ್ ಮುಗಿಯಿತಾ, ಒಂದು ಟೋಕನ್ (ಒಳಗೆ ಬಿಡುವ ಚೀಟಿ) ಕೇಳಿ ನೋಡಿ. ಗ್ಲಾನ್ಸ್ ಮುಗಿಯಿತಾ, ಒಂದು ಇಮೇಜ್ ಹಾಕಿ ನೋಡಿ. ಎಳೆ ಬಂತಾ ಅಂತ ನೋಡುವುದು ಅದೇ. ನೋಟ್ಸ್ ಮಾಡುವಾಗ ಉದ್ದ ಆಗುತ್ತೆ ಅಂತ ನಾನು ಮೊದಲು ಕತ್ತರಿಸಿದ್ದು ಆ ಪುಟಗಳನ್ನೇ.

ಹಾಗೆ ಪರೀಕ್ಷೆಗೆ ಹಾಕುವ ಇಮೇಜಿನ ಬಗ್ಗೆ ಒಂದು ಅಡ್ಡ ಕಥೆ. ಅದರ ಹೆಸರು ಸಿರ‍್ರಾಸ್. ಕೆಲವೇ ಎಂಬಿಯ ಪುಟ್ಟ ಲಿನಕ್ಸ್. ಅದು ಎದ್ದಾಗ ಲಾಗಿನ್ ಪರದೆಯ ಮೇಲೇ ಯೂಸರ್ ಹೆಸರು ಇದು, ಪಾಸ್‌ವರ್ಡ್ ಇದು ಅಂತ ತೋರಿಸುತ್ತದೆ. ಪಾಸ್‌ವರ್ಡ್ ‘ಗೋಕಬ್ಸ್‌ಗೋ’. ಶಿಕಾಗೋದ ಬೇಸ್‌ಬಾಲ್ ತಂಡ ಕಬ್ಸ್ 2016ರಲ್ಲಿ, 108 ವರ್ಷ ಕಾದು, ವರ್ಲ್ಡ್ ಸೀರೀಸ್ ಗೆದ್ದಿತಲ್ಲ, ಅದರ ಅಭಿಮಾನಿಗಳ ಕೂಗು ಅದು. ಹಳೆಯ ಪಾಸ್‌ವರ್ಡ್ ‘ಕಬ್ಸ್‌ವಿನ್’, ಕೊನೆಗೊಂದು ನಗುಮುಖ. ತಮಾಷೆ ಹಾಗಿರಲಿ. ಲಾಗಿನ್ ಮಾಡಬೇಕಾದ ಜಾಗದಲ್ಲೇ ಪಾಸ್‌ವರ್ಡ್ ಬರೆದಿಟ್ಟಿದ್ದಾರೆ, ಹುಡುಕಿಕೊಂಡು ಇನ್ನೊಂದು ಪುಟಕ್ಕೆ ಹೋಗುವುದೇ ಬೇಡ. ಪರೀಕ್ಷೆಯ ಇಮೇಜ್ ಆದ್ದರಿಂದ ನಡೆಯುತ್ತದೆ, ನಿಮ್ಮ ಆಫೀಸಿನ ಸರ್ವರಿಗೆ ಹೀಗೆ ಮಾಡಬೇಡಿ.

ನನ್ನ ಹೊಸ ಪದ್ಧತಿಗೆ ಬೇಕಾದ್ದು ಎರಡೇ. ಏನೂ ಹಾಕಿಲ್ಲದ ಒಂದು ಖಾಲಿ ವಿಎಂ, ಮತ್ತು ವಿಷಯ ಗೊತ್ತಿಲ್ಲದ ಒಬ್ಬ ಮನುಷ್ಯ. ಆ ಮನುಷ್ಯನ ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಬೇಕು. ಇದು ಹೇಳಿದಷ್ಟು ಸುಲಭವಲ್ಲ. ಮೊದಲು ಕೂರಿಸಿದ್ದು ಆ ಹುಡುಗಿಯನ್ನೇ. ಅವಳು ತಪ್ಪು ಫೈಲ್ ತೆರೆಯುವುದು ಕಾಣುತ್ತಿರುತ್ತದೆ, ನಾಲಿಗೆ ತುದಿಗೆ ಮಾತು ಬಂದಿರುತ್ತದೆ. ಹೇಳಿದರೆ ಅವಳ ಕೆಲಸ ಮುಂದಕ್ಕೆ ಹೋಗುತ್ತದೆ, ಡಾಕ್ಯುಮೆಂಟ್ ಇದ್ದಲ್ಲೇ ಇರುತ್ತದೆ. ಹಾಗಾಗಿ ಅವಳು ಎಲ್ಲಿ ನಿಂತಳು, ಎಲ್ಲಿ ಹಿಂದಕ್ಕೆ ಸ್ಕ್ರಾಲ್ ಮಾಡಿದಳು, ಎಲ್ಲಿ ನಿಟ್ಟುಸಿರು ಬಿಟ್ಟಳು ಅಂತ ಒಂದು ಕಾಗದದ ಮೇಲೆ ಬರೆದುಕೊಳ್ಳುತ್ತಾ ಕೂತೆ.

ಮೊದಲ ಅರ್ಧ ಗಂಟೆಯಲ್ಲೇ ಸಿಕ್ಕಿದ್ದು ಹ್ಯಾಶ್ ಗುರುತಿನ ಕಥೆ. ಲಿನಕ್ಸ್ ಡಾಕ್ಯುಮೆಂಟುಗಳಲ್ಲಿ ಒಂದು ರೂಢಿ ಇದೆ. ಕಮಾಂಡಿನ ಮುಂದೆ $ ಇದ್ದರೆ ಮಾಮೂಲಿ ಯೂಸರ್ ಆಗಿ ಹೊಡೆಯಿರಿ, # ಇದ್ದರೆ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಹೊಡೆಯಿರಿ ಅಂತ ಅರ್ಥ. ಗೊತ್ತಿದ್ದವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ಅವಳು ಸಾಲನ್ನು ಪೂರ್ತಿ ಕಾಪಿ ಮಾಡಿ ಟರ್ಮಿನಲ್‌ಗೆ ಹಾಕಿದಳು, # ಸಮೇತ. # ಇಂದ ಶುರುವಾಗುವ ಸಾಲು, ಕಮಾಂಡ್ ಓದಿ ಓಡಿಸುವ ಶೆಲ್‌ಗೆ ಬರೀ ಕಾಮೆಂಟ್, ಅಂದರೆ ಟಿಪ್ಪಣಿ. ಏನೂ ಮಾಡುವುದಿಲ್ಲ. ಎರರ್ ಕೂಡ ಕೊಡುವುದಿಲ್ಲ. ಸದ್ದಿಲ್ಲದೆ ಮುಂದಿನ ಸಾಲಿಗೆ ಬಂದು ನಿಲ್ಲುತ್ತದೆ. ಅವಳು ಆಯಿತು ಅಂದುಕೊಂಡಳು. $ ಸಮೇತ ಹಾಕಿದರೆ ಪರವಾಗಿಲ್ಲ, ಅಂಥ ಕಮಾಂಡ್ ಇಲ್ಲ ಅಂತ ಶೆಲ್ ಬೈಯುತ್ತದೆ. ಬೈದರೆ ಒಳ್ಳೆಯದು, ಸುಮ್ಮನಿದ್ದರೇ ಅಪಾಯ.

ಆಮೇಲೆ ಪಾಸ್‌ವರ್ಡ್. ಓಪನ್‌ಸ್ಟ್ಯಾಕ್‌ನಲ್ಲಿ ಸುಮಾರು ಕಡೆ ಪಾಸ್‌ವರ್ಡನ್ನು ಒಂದು ವಿಳಾಸದ ಸಾಲಿನ ಒಳಗೇ ಬರೆಯುತ್ತಾರೆ. ಯೂಸರ್ ಹೆಸರು, ಪಾಸ್‌ವರ್ಡ್, ಆಮೇಲೆ @, ಆಮೇಲೆ ಸರ್ವರ್ ಹೆಸರು. ಅವಳು ಬುದ್ಧಿವಂತೆ. ಗಟ್ಟಿ ಪಾಸ್‌ವರ್ಡ್ ಇರಲಿ ಅಂತ ನಡುವೆ ಒಂದು @ ಇಟ್ಟಿದ್ದಳು. ವಿಳಾಸ ಅಲ್ಲಿಗೇ ಒಡೆಯಿತು. ಅಧಿಕೃತ ಗೈಡಿನಲ್ಲಿ ಇದಕ್ಕೂ ಒಂದು ಎಚ್ಚರಿಕೆ ಇದೆ, ಡೇಟಾಬೇಸ್ ಕನೆಕ್ಷನ್ ಸಾಲಿನಲ್ಲಿ @ ಥರದ ಚಿಹ್ನೆ ನಡೆಯುವುದಿಲ್ಲ, ಆದ್ದರಿಂದ ಓಪನ್‌ಎಸ್‌ಎಸ್‌ಎಲ್‌ನಿಂದ ಹೆಕ್ಸ್ (ಅಂಕಿಗಳು ಮತ್ತು ಎ ಇಂದ ಎಫ್ ತನಕದ ಅಕ್ಷರ ಮಾತ್ರ ಇರುವ) ಪಾಸ್‌ವರ್ಡ್ ಮಾಡಿಕೊಳ್ಳಿ ಅಂತ. ಆ ಸಾಲನ್ನು ಓದುವಾಗ ಇದನ್ನು ಯಾರೋ ಸುಟ್ಟುಕೊಂಡವರೇ ಬರೆದಿರಬೇಕು ಅನ್ನಿಸುತ್ತದೆ. ನನ್ನ ನೋಟ್ಸ್‌ನಲ್ಲಿ ಹೆಕ್ಸ್ ಕಮಾಂಡ್ ಇತ್ತು. ಯಾಕೆ ಅನ್ನುವ ಸಾಲು ಇರಲಿಲ್ಲ. ಕಾರಣ ಗೊತ್ತಿಲ್ಲದ ಸೂಚನೆಯನ್ನು ಜಾಣರು ತಮ್ಮ ಜಾಣತನ ಸೇರಿಸಿ ಉತ್ತಮಪಡಿಸಿಬಿಡುತ್ತಾರೆ. ಅವರದ್ದೇನೂ ತಪ್ಪಿಲ್ಲ.

ಇನ್ನೊಂದು, ಐಪಿ ವಿಳಾಸ. ಗೈಡಿನ ಉದಾಹರಣೆಗಳಲ್ಲಿ 203.0.113 ಇಂದ ಶುರುವಾಗುವ ವಿಳಾಸಗಳು ಬರುತ್ತವೆ. ಅವು ಸುಮ್ನೆ ತೋಚಿದ ಅಂಕಿಗಳಲ್ಲ. 2010ರ ಆರ್‌ಎಫ್‌ಸಿ 5737 ಅಂತ ಇಂಟರ್ನೆಟ್ ನಿಯಮಗಳ ಒಂದು ದಾಖಲೆ ಇದೆ. ಅದರಲ್ಲಿ ಮೂರು ಗುಂಪಿನ ವಿಳಾಸಗಳನ್ನು ಡಾಕ್ಯುಮೆಂಟೇಶನ್‌ಗೆ ಅಂತಲೇ ಎತ್ತಿಟ್ಟಿದ್ದಾರೆ: 192.0.2, 198.51.100 ಮತ್ತು 203.0.113. ಇಂಟರ್ನೆಟ್ಟಿನಲ್ಲಿ ಯಾರಿಗೂ ಇವನ್ನು ಕೊಡುವುದಿಲ್ಲ. ಸಿನಿಮಾದಲ್ಲಿ ತೋರಿಸುವ ನಕಲಿ ಫೋನ್ ನಂಬರ್ ಇದ್ದ ಹಾಗೆ, ಓದುಗ ಹಾಗೇ ಟೈಪ್ ಮಾಡಿದರೂ ಬೇರೆ ಯಾರದೋ ಮನೆ ಬಾಗಿಲು ಬಡಿಯಬಾರದು ಅಂತ. ಒಳ್ಳೆಯ ಏರ್ಪಾಡು. ಆದರೆ ಇದು ಗೊತ್ತಿಲ್ಲದ ಓದುಗನಿಗೆ ಅದು ನಿಜವಾದ ವಿಳಾಸದ ಥರವೇ ಕಾಣುತ್ತದೆ. ಅವಳು ಅದನ್ನೇ ಹಾಕಿ, ಹೊರಗಡೆಗೆ ಪಿಂಗ್ (ಆ ಕಡೆಯ ಮಷಿನ್ ಉತ್ತರ ಕೊಡುತ್ತದಾ ಅಂತ ಕೇಳುವ ಸಂದೇಶ) ಯಾಕೆ ಹೋಗುತ್ತಿಲ್ಲ ಅಂತ ಒಂದು ಗಂಟೆ ತಲೆ ಕೆರೆದುಕೊಂಡಳು. ಈಗ ನನ್ನ ನೋಟ್ಸ್ ಶುರುವಿನಲ್ಲೇ ಒಂದು ಪಟ್ಟಿ ಇದೆ: ಇವಿಷ್ಟೂ ಉದಾಹರಣೆ, ನಿಮ್ಮದನ್ನು ಪಕ್ಕದಲ್ಲಿ ಬರೆದುಕೊಂಡು ಮುಂದೆ ಹೋಗಿ.

ನಾನು ನಿರೀಕ್ಷೆಯೇ ಮಾಡದಿದ್ದ ವಿಷಯ ಭಾಷೆಯದು. ನಮ್ಮ ನೋಟ್ಸ್ ಇಂಗ್ಲಿಷಿನಲ್ಲಿವೆ. ಅವಳು ಹತ್ತನೇ ತರಗತಿ ತನಕ ಓದಿದ್ದು ಕನ್ನಡ ಮೀಡಿಯಂ. ನಾನೂ ಅಷ್ಟೇ, ಆದರೆ ನಾನು ಮರೆತಿದ್ದೆ. ಒಂದು ಕಡೆ ‘ಯು ಶುಡ್ ಸೀ ದಿ ಔಟ್‌ಪುಟ್’ ಅಂತ ಬರೆದಿದ್ದೆ. ನನ್ನ ಅರ್ಥ, ಔಟ್‌ಪುಟ್ ಹೀಗೆ ಕಾಣಿಸುತ್ತದೆ, ಕಾಣದಿದ್ದರೆ ಏನೋ ತಪ್ಪಾಗಿದೆ ಅಂತ. ಅವಳು ಓದಿಕೊಂಡದ್ದು ‘ನೀವು ಔಟ್‌ಪುಟ್ ನೋಡಬೇಕು’ ಅಂತ. ನೋಡಿದಳು. ಬೇರೇನೋ ಇತ್ತು. ನೋಡಬೇಕು ಅಂದಿದ್ದಾರೆ, ನೋಡಿದ್ದಾಯಿತು ಅಂತ ಮುಂದೆ ಹೋದಳು. ನಗಬೇಡಿ, ಕನ್ನಡದಲ್ಲಿ ಯೋಚಿಸಿದರೆ ಅವಳದ್ದೇ ಸರಿ. ನಮ್ಮ ‘ಬೇಕು’ ಎಂಥಾ ದೊಡ್ಡ ಚೀಲ ನೋಡಿ. ‘ಮಸ್ಟ್’ ಕೂಡ ಬೇಕು, ‘ಶುಡ್’ ಕೂಡ ಬೇಕು, ‘ನೀಡ್’ ಕೂಡ ಬೇಕು, ‘ವಾಂಟ್’ ಕೂಡ ಬೇಕು. ‘ಮಸ್ಟ್’ ಅಂದರೆ ಕಡ್ಡಾಯ, ‘ಶುಡ್’ ಅಂದರೆ ಬಲವಾದ ಕಾರಣ ಇದ್ದರೆ ಮಾತ್ರ ಬಿಡಬಹುದು ಅಂತ 1997ರಲ್ಲೇ ಆರ್‌ಎಫ್‌ಸಿ 2119ರಲ್ಲಿ ಬಿಡಿಸಿ ಬರೆದಿಟ್ಟಿದ್ದಾರೆ. ಇಂಗ್ಲಿಷ್ ಮನೆಮಾತಿನವರಿಗೂ ಅದನ್ನು ಹೇಳಿಕೊಡಬೇಕಾಯಿತು ಅಂದಮೇಲೆ, ನಮ್ಮ ಹುಡುಗಿಯನ್ನು ಏನು ಅನ್ನುವುದು?

‘ಒನ್ಸ್’ ಇನ್ನೊಂದು. ‘ಒನ್ಸ್ ದಿ ಸರ್ವಿಸ್ ಸ್ಟಾರ್ಟ್ಸ್’ ಅಂದರೆ ಸರ್ವಿಸ್ ಶುರುವಾದ ಮೇಲೆ. ಆದರೆ ಶಾಲೆಯಲ್ಲಿ ಕಲಿತದ್ದು ಒನ್ಸ್ ಅಂದರೆ ಒಂದು ಸಲ. ಈಗ ‘ಆಫ್ಟರ್’ ಅಂತ ಬರೆಯುತ್ತೇನೆ. ‘ಎನ್ಶೂರ್’ ಅನ್ನುವುದನ್ನು ಪೂರ್ತಿ ಬಿಟ್ಟೆ. ಎಲ್ಲ ಮಷಿನ್ನುಗಳ ಗಡಿಯಾರ ಒಂದೇ ಆಗಿರುವಂತೆ ನೋಡಿಕೊಳ್ಳಿ ಅಂತ ಬರೆದರೆ ಬರೆದವನು ಪಾರು. ಓದಿದವನು ಹೇಗೆ ನೋಡಿಕೊಳ್ಳುವುದು ಅಂತ ಗೂಗಲ್ ಮಾಡಬೇಕು. ಅದರ ಬದಲು ಗಡಿಯಾರ ಹೊಂದಿಸುವ ಕ್ರೋನಿ ಹಾಕುವ ಕಮಾಂಡ್, ಅದು ಯಾವ ಸರ್ವರಿನಿಂದ ಸಮಯ ತಗೊಳ್ತಿದೆ ಅಂತ ನೋಡುವ ಕಮಾಂಡ್, ಎರಡನ್ನೂ ಬರೆದರೆ ಮುಗಿಯಿತು.

ಇಷ್ಟೆಲ್ಲ ತಿದ್ದುತ್ತಾ ಇರುವಾಗ ಓಪನ್‌ಸ್ಟ್ಯಾಕ್‌ನವರು ಇದನ್ನು ಹೇಗೆ ಸಂಭಾಳಿಸಿದರು ಅಂತ ಕುತೂಹಲ ಆಯಿತು. ಅಲ್ಲಿ ಡಾಕ್ಯುಮೆಂಟ್ ಬದಲಾವಣೆ ಕೂಡ ಕೋಡ್ ಹೋಗುವ ದಾರಿಯಲ್ಲೇ ಹೋಗುತ್ತದೆ. ಗೆರಿಟ್ ಅನ್ನುವ ರಿವ್ಯೂ ವ್ಯವಸ್ಥೆಯಲ್ಲಿ ಪ್ಯಾಚ್, ಅಂದರೆ ಬದಲಾವಣೆಯ ತುಣುಕು, ಹಾಕಬೇಕು. ಯಾರು ಬೇಕಾದರೂ ಓದಿ +1 ಅಥವಾ -1 ಕೊಡಬಹುದು. +2 ಮತ್ತು -2 ಕೊಡುವ ಅಧಿಕಾರ ಕೋರ್ ರಿವ್ಯೂವರ್‌ಗಳಿಗೆ ಮಾತ್ರ. ಜೂಲ್ ಅನ್ನುವ ವ್ಯವಸ್ಥೆ ಪ್ಯಾಚ್ ಹಾಕಿದ ಕೂಡಲೇ ಪುಟವನ್ನು ಕಟ್ಟಿ, ಕೊನೆಗೆ ಹೇಗೆ ಕಾಣುತ್ತದೆ ಅಂತ ತೋರಿಸುತ್ತದೆ. ಒಳ್ಳೆಯ ಶಿಸ್ತು. ಆದರೆ ಅಂಕ ಕೊಡುವ ಅವಕಾಶ ಇದ್ದಲ್ಲಿ ಮೇಷ್ಟ್ರುತನವೂ ಬರುತ್ತದೆ, ಅಲ್ವಾ? ಒಂದು ಅಲ್ಪವಿರಾಮಕ್ಕೆ -1 ಕೊಡುವ ರಿವ್ಯೂವರ್ ಎಲ್ಲ ಕಡೆಯೂ ಇರುತ್ತಾನೆ. ನಾನೂ ಹಾಗೇ ಇದ್ದೆ. ಕಮಾಂಡ್ ಓಡುತ್ತದಾ ಅಂತ ನೋಡದೆ ಕಾಮಾ ಎಲ್ಲಿ ಅಂತ ನೋಡುವುದು, ಮನೆಗೆ ಬೆಂಕಿ ಬಿದ್ದಿರುವಾಗ ರಂಗೋಲಿ ಚುಕ್ಕಿ ಎಣಿಸಿದ ಹಾಗೆ. ಕಾಮಾ ತಿದ್ದಲೇಬೇಕು ಅಂದರೆ ಆಮೇಲೆ ನೀವೇ ಒಂದು ಪ್ಯಾಚ್ ಹಾಕಿ.

ಅವರ ಇತಿಹಾಸದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಎರಡು ತಿರುವು. ಮೊದಲು ಆ ಮ್ಯಾನುಯಲ್‌ಗಳು ಡಾಕ್‌ಬುಕ್ ಎಕ್ಸ್‌ಎಂಎಲ್‌ನಲ್ಲಿದ್ದವು. ಒಂದು ಪದ ತಿದ್ದಲು ಟ್ಯಾಗುಗಳ ಕಾಡಿನಲ್ಲಿ ನುಗ್ಗಬೇಕು. 2015ರ ಸುಮಾರಿಗೆ ಅದನ್ನು ಬಿಟ್ಟು ಸರಳವಾದ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ಗೆ ಬಂದರು. ಎರಡನೆಯದು 2017ರಲ್ಲಿ, ಪೈಕ್ ಬಿಡುಗಡೆಯ ಹೊತ್ತಿಗೆ. ಅಲ್ಲಿಯ ತನಕ ಗೈಡುಗಳನ್ನೆಲ್ಲ ಒಂದು ಪ್ರತ್ಯೇಕ ಡಾಕ್ಸ್ ತಂಡ ಒಂದೇ ಕಡೆ ಇಟ್ಟುಕೊಂಡು ನೋಡಿಕೊಳ್ಳುತ್ತಿತ್ತು. ತಂಡದಲ್ಲಿ ಕೈಗಳು ಕಡಿಮೆಯಾದವು. ಆಗ ಗೈಡುಗಳನ್ನು ಬಿಡಿಸಿ ನೋವಾದ್ದು ನೋವಾ ಕೋಡಿನ ಪಕ್ಕದಲ್ಲಿ, ನ್ಯೂಟ್ರಾನ್‌ದು ನ್ಯೂಟ್ರಾನ್ ಕೋಡಿನ ಪಕ್ಕದಲ್ಲಿ ಇಟ್ಟರು. ಪಾಲು ಮಾಡಿಕೊಟ್ಟ ಹಾಗೆ. ಅದರಿಂದ ಒಂದು ಲಾಭ ಇದೆ, ಕೋಡ್ ಬದಲಾಯಿಸುವವನ ಕಣ್ಣೆದುರಿಗೇ ಡಾಕ್ಯುಮೆಂಟ್ ಇರುತ್ತದೆ, ಒಂದೇ ಪ್ಯಾಚಿನಲ್ಲಿ ಎರಡನ್ನೂ ತಿದ್ದಬಹುದು. ನಷ್ಟವೂ ಇದೆ. ಗಿಡ ನೆಟ್ಟವನಿಗೆ ಆ ಗಿಡ ಚೆನ್ನಾಗಿ ಗೊತ್ತು, ತೋಟದ ದಾರಿ ಯಾರು ಹೇಳುವುದು? ಕಂಟ್ರೋಲರ್ ಮೇಲೆ ಹೊಡೆಯಬೇಕಾದ ಕಮಾಂಡ್ ಕಂಪ್ಯೂಟ್ ನೋಡಿನ ಪುಟದಲ್ಲಿ ಬರುವಂಥ ಕಡೆ, ಇಡೀ ದಾರಿ ನಡೆದು ನೋಡುವ ಒಬ್ಬ ಹೊರಗಿನವನು ಬೇಕು. ಖರ್ಚು ಕಡಿಮೆ ಮಾಡುವಾಗ ಮೊದಲು ಮನೆಗೆ ಹೋಗುವವನೂ ಅವನೇ ಅನ್ನುವುದು ಬೇಜಾರಿನ ಸಂಗತಿ.

ಒಂದು ಚಿಕ್ಕ ಏರ್ಪಾಡು ಮಾತ್ರ ನಾವೂ ಕದಿಯಬೇಕಾದ್ದು. ಅವರ ಪುಟಗಳ ಮೇಲೆ ಒಂದು ಹುಳದ ಚಿತ್ರ ಇರುತ್ತದೆ. ಒತ್ತಿದರೆ ಬಗ್ ವರದಿಯ ಫಾರಂ ತೆರೆಯುತ್ತದೆ, ಯಾವ ಪುಟ, ಯಾವ ಬಿಡುಗಡೆ ಅನ್ನುವುದು ಅದರಲ್ಲಿ ಮೊದಲೇ ತುಂಬಿರುತ್ತದೆ. ಇಲ್ಲಿ ತಪ್ಪಿದೆ, ಇದನ್ನು ಸೇರಿಸಿ, ನನ್ನ ಹತ್ತಿರ ಸರಿಯಾದದ್ದು ಇದೆ ಅಂತ ಗುರುತು ಹಾಕಲು ಚೌಕಗಳಿವೆ. ಎಡವಿದವನು ಎಡವಿದ ಜಾಗದಲ್ಲೇ ಕೂತು ಹೇಳಬಹುದು. ನಮ್ಮ ಆಫೀಸಿನಲ್ಲಿ ತಪ್ಪು ಹೇಳಬೇಕು ಅಂದರೆ ಮೊದಲು ಯಾರಿಗೆ ಹೇಳಬೇಕು ಅಂತ ಪತ್ತೆ ಮಾಡಬೇಕಿತ್ತು. ಅಷ್ಟರಲ್ಲಿ ಸಿಟ್ಟು ಇಳಿದು, ಹೋಗ್ಲಿ ಬಿಡು ಅಂತ ಆಗಿರುತ್ತದೆ.

ಹಳೆಯದಾಗುವುದು ಇನ್ನೊಂದು ತಲೆನೋವು. ಓಪನ್‌ಸ್ಟ್ಯಾಕ್ ಆರು ತಿಂಗಳಿಗೊಮ್ಮೆ ಹೊಸ ಬಿಡುಗಡೆ ಕೊಡುತ್ತದೆ. 2010ರ ಅಕ್ಟೋಬರಿನ ಆಸ್ಟಿನ್‌ನಿಂದ ಶುರುವಾಗಿ ಇಂಗ್ಲಿಷ್ ಅಕ್ಷರಮಾಲೆ ಪೂರ್ತಿ ಮುಗಿಸಿ 2022ರ ಅಕ್ಟೋಬರಿನಲ್ಲಿ ಜೆಡ್‌ಗೆ ಬಂತು. ಆಮೇಲೆ ಮತ್ತೆ ಎ ಅಕ್ಷರದ ಆಂಟಿಲೋಪ್, ಈ ಸಲ 2023.1 ಅಂತ ಅಂಕಿ ಸಮೇತ. ಈ ನಡುವೆ ಕ್ವಾಂಟಮ್ ಅನ್ನುವ ಹೆಸರು ಟ್ರೇಡ್‌ಮಾರ್ಕ್ ತಕರಾರಿನಿಂದ 2013ರಲ್ಲಿ ನ್ಯೂಟ್ರಾನ್ ಆಯಿತು. ವಿಎಂ ಎಬ್ಬಿಸುವ ಹಳೆಯ ಕಮಾಂಡ್ ಹೋಗಿ ಹೊಸದು ಬಂತು. ಕೀಸ್ಟೋನ್‌ಗೆ 5000 ಮತ್ತು 35357 ಅಂತ ಎರಡು ಪೋರ್ಟ್ (ಒಳಗೆ ಬರುವ ಬಾಗಿಲಿನ ನಂಬರ್) ಇದ್ದವು. 2018ರ ಕ್ವೀನ್ಸ್‌ನಲ್ಲಿ ಹಳೆಯ ವಿ2 ಎಪಿಐ (ಬೇರೆ ಸಾಫ್ಟ್‌ವೇರ್ ಅದನ್ನು ಮಾತಾಡಿಸುವ ದಾರಿ) ತೆಗೆದ ಮೇಲೆ ಎರಡನೆಯ ಪೋರ್ಟಿಗೆ ಕೆಲಸವೇ ಇಲ್ಲ. ಆದರೂ ಹುಡುಕಿದರೆ 35357 ಬರೆದಿರುವ ಹಳೆಯ ಪುಟಗಳು ಇವತ್ತಿಗೂ ಸಿಗುತ್ತವೆ. ನನ್ನ ನೋಟ್ಸ್‌ನಲ್ಲೂ ಇತ್ತು. ಯಾಕಿದೆ ಅಂತ ಯಾರೂ ಕೇಳಿರಲಿಲ್ಲ. ಅಜ್ಜನ ಕಾಲದ ಬೀಗದ ಕೈ ಥರ, ಯಾವ ಬೀಗಕ್ಕೆ ಅಂತ ಗೊತ್ತಿಲ್ಲ, ಬಿಸಾಡಲು ಭಯ. ಈಗ ಪ್ರತಿ ಪುಟದ ಮೇಲೂ ಎರಡು ಸಾಲು ಬರೆಯುತ್ತೇವೆ: ಯಾವ ಬಿಡುಗಡೆಗೆ, ಮತ್ತು ಯಾವ ತಾರೀಕು ಖಾಲಿ ಮಷಿನ್ ಮೇಲೆ ಕೊನೆಯ ಸಲ ಮಾಡಿ ನೋಡಿದ್ದು. ತಿದ್ದಿದ ತಾರೀಕು ಬೇಡ. ಮಾಡಿ ನೋಡಿದ ತಾರೀಕು.

ಇಷ್ಟೆಲ್ಲ ಯಾಕೆ, ಆಟೋಮೇಶನ್ ಇದೆಯಲ್ಲ ಅಂತ ನಮ್ಮ ಮ್ಯಾನೇಜರ್ ಕೇಳಿದರು. ಇದೆ. ಓಪನ್‌ಸ್ಟ್ಯಾಕನ್ನು ತಾನಾಗಿ ಕೂರಿಸುವ ಕೋಲಾ-ಆನ್ಸಿಬಲ್ ಇದೆ, ಕಲಿಯುವವರಿಗೆ ಡೆವ್‌ಸ್ಟ್ಯಾಕ್ ಇದೆ. ಆದರೆ ಎಲ್ಲ ತಾನಾಗಿ ಆಗುತ್ತದೆ ಅಂದಾಗ ಡಾಕ್ಯುಮೆಂಟಿನ ಭಾರ ಕಡಿಮೆ ಆಗುವುದಿಲ್ಲ, ಜಾಗ ಬದಲಾಗುತ್ತದೆ. ಮಧ್ಯದಲ್ಲಿ ನಿಂತರೆ ಏನು ಮಾಡುವುದು, ಓಡಿಸುವ ಮುಂಚೆ ಏನು ಗೊತ್ತಿರಬೇಕು, ಅದೇ ಮುಖ್ಯ ಆಗುತ್ತದೆ. ಡೆವ್‌ಸ್ಟ್ಯಾಕ್ ಪುಟದಲ್ಲಿ ಮೊದಲೇ ಹೇಳಿಬಿಡುತ್ತಾರೆ, ಇದು ನಿಮ್ಮ ಮಷಿನ್ನಿನಲ್ಲಿ ಭಾರಿ ಬದಲಾವಣೆ ಮಾಡುತ್ತದೆ, ಇದಕ್ಕೆಂದೇ ಬೇರೆ ಸರ್ವರ್ ಅಥವಾ ವಿಎಂ ಇಟ್ಟುಕೊಳ್ಳಿ ಅಂತ. ಎಚ್ಚರಿಕೆ ಕಮಾಂಡಿನ ಮುಂಚೆ ಇದೆ, ಆಮೇಲಲ್ಲ. ಕೋಲಾ-ಆನ್ಸಿಬಲ್‌ನಲ್ಲಿ ಎಲ್ಲವನ್ನೂ ಅಳಿಸಬೇಕು ಅಂದರೆ ಕಮಾಂಡಿನ ಕೊನೆಗೆ ‘ಹೌದು, ನಾನು ನಿಜವಾಗ್ಲೂ ನಿಜವಾಗ್ಲೂ ಹೇಳ್ತಿದ್ದೀನಿ’ ಅಂತ ಅರ್ಥ ಬರುವ ಒಂದು ಉದ್ದದ ಇಂಗ್ಲಿಷ್ ಸಾಲನ್ನು ಕೈಯಿಂದ ಸೇರಿಸಲೇಬೇಕು. ತಮಾಷೆ ಅಲ್ಲ, ಹಾಗೇ ಇದೆ. ಅದನ್ನು ಟೈಪ್ ಮಾಡುವಷ್ಟರಲ್ಲಿ ಅರ್ಧ ಜನಕ್ಕೆ ತಾವು ಯಾವ ಮಷಿನ್ನಿನಲ್ಲಿದ್ದೇವೆ ಅಂತ ನೆನಪಾಗುತ್ತದೆ. ನನ್ನ ನೋಟ್ಸ್‌ನಲ್ಲಿ ಡೇಟಾಬೇಸ್ ಅಳಿಸುವ ಕಮಾಂಡ್ ಮೊದಲು ಇತ್ತು, ‘ಬ್ಯಾಕಪ್ ತೆಗೆದುಕೊಂಡಿರಬೇಕು’ ಅನ್ನುವುದು ಅದರ ಕೆಳಗಿನ ಸಾಲಿನಲ್ಲಿತ್ತು. ಮೂರು ವರ್ಷ ಹಾಗೇ ಇತ್ತು. ದೇವರು ದೊಡ್ಡವನು.

ಹೊಸ ನೋಟ್ಸ್ ಹಳೆಯದಕ್ಕಿಂತ ಉದ್ದ ಆಗಿಲ್ಲ, ಅದು ನನಗೇ ಆಶ್ಚರ್ಯ. ಓಪನ್‌ಸ್ಟ್ಯಾಕ್ ಎಂದರೇನು ಅಂತ ಮೊದಲ ನಾಲ್ಕು ಪುಟ ಕೊರೆದಿದ್ದೆ, ಅದು ಹೋಯಿತು. ಬಂದದ್ದು ಇವು: ಪ್ರತಿ ಕಮಾಂಡಿನ ಮೇಲೆ ಯಾವ ಮಷಿನ್, ಯಾವ ಯೂಸರ್ ಅನ್ನುವ ಪಟ್ಟಿ. ಪ್ರತಿ ಹಂತಕ್ಕೂ ಒಂದು ಎಳೆ ಪರೀಕ್ಷೆ. ಮತ್ತೆ, ಸಾಮಾನ್ಯವಾಗಿ ಬರುವ ಎರರ್ ಸಾಲುಗಳು, ಪರದೆಯಲ್ಲಿ ಹೇಗೆ ಬರುತ್ತವೋ ಹಾಗೇ, ಒಂದಕ್ಷರ ಬಿಡದೆ. ಸಿಕ್ಕಿಹಾಕಿಕೊಂಡವನು ಹುಡುಕುವುದು ಅದನ್ನೇ ಕಾಪಿ ಮಾಡಿ. ‘ಶೆಡ್ಯೂಲಿಂಗ್ ಸಮಸ್ಯೆಗಳು’ ಅಂತ ಚೆಂದದ ತಲೆಬರಹ ಕೊಟ್ಟರೆ ಅವನಿಗೆ ಸಿಗುವುದಿಲ್ಲ.

ಮೊನ್ನೆ ಅದನ್ನು ರಿವ್ಯೂಗೆ ಹಾಕಿದೆ. ರಿವ್ಯೂವರ್ ಜಾಗದಲ್ಲಿ ಅವಳ ಹೆಸರು ಹಾಕಿದೆ. ಅವಳಿಗೆ ಸಂಕೋಚ. “ನಿಮ್ಮ ಡಾಕ್ಯುಮೆಂಟಿಗೆ ನಾ ಹೆಂಗ್ರಿ ಸರ್ ತಪ್ಪು ಹಿಡೀಲಿ?” ಅಂದಳು. ಹಿಡಿಯಿರಿ ಅಂದೆ. ಸಂಜೆ ಹೊತ್ತಿಗೆ ಏಳು ಕಾಮೆಂಟ್ ಬಂದಿದ್ದವು. ಒಂದೂ ಅಲ್ಪವಿರಾಮದ್ದಲ್ಲ. ಆರನ್ನು ಕೂತಲ್ಲೇ ತಿದ್ದಿದೆ. ಎರಡು ಕಡೆ ಮತ್ತೆ ಮಷಿನ್ ಹೆಸರು ಬಿಟ್ಟಿದ್ದೆ, ಇಷ್ಟೆಲ್ಲ ಆದಮೇಲೂ.

ಏಳನೆಯದು ಕೊನೆಯ ಪುಟದಲ್ಲಿತ್ತು. ವಿಎಂ ‘ಆಕ್ಟಿವ್’ ಅಂತ ಬಂದಮೇಲೆ ಸ್ವಲ್ಪ ಹೊತ್ತು ಬಿಟ್ಟು ಪಿಂಗ್ ಮಾಡಿ ಅಂತ ಬರೆದಿದ್ದೆ. ಆಕ್ಟಿವ್ ಅಂದರೆ ನೋವಾ ತನ್ನ ಕೆಲಸ ಮುಗಿಸಿದೆ ಅಂತ ಅಷ್ಟೇ, ಒಳಗಿನ ಲಿನಕ್ಸ್ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತದೆ. ಅದನ್ನೂ ವಿವರಿಸಿದ್ದೆ, ಹೆಮ್ಮೆಯಿಂದಲೇ. ಅವಳ ಕಾಮೆಂಟ್ ಕನ್ನಡದಲ್ಲೇ ಇತ್ತು.

“ಸ್ವಲ್ಪ ಹೊತ್ತು ಅಂದ್ರ ಎಷ್ಟೊತ್ರಿ ಸರ್?”

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ. ಆಫೀಸಿನಲ್ಲಿ ಆಗಲೇ ಲೈಟು ಆರಿಸುತ್ತಿದ್ದರು. ಒಂದು ಖಾಲಿ ವಿಎಂ ಎಬ್ಬಿಸಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಕೂತೆ.